ಪೀಪಾಯಿಯಲ್ಲಿ ಮಾಗಿದ ಸಿಹಿ ಸ್ಟೌಟ್: ರುಚಿ ನೋಡುವ ಕ್ರಮ

ಶಿಕಾಗೋದ ಬಿಯರ್ ತಯಾರಕರಾದ ಗೂಸ್ ಐಲ್ಯಾಂಡ್‌ನವರು ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ‘ಬರ್ಬನ್ ಕೌಂಟಿ ಸ್ಟೌಟ್’ ಎಂಬ, ಹುರಿದ ಬಾರ್ಲಿಯ ಗಟ್ಟಿ ಬಿಯರನ್ನು ಹೊರಗೆ ಬಿಡುತ್ತಾರೆ. ಕಪ್ಪು ಬಣ್ಣ, ಮಂದವಾದ ಮೈ, ಮದ್ಯಸಾರ ಶೇ. 14ರ ಆಸುಪಾಸು. ಅದರ ಮೂಲ ಬಾಟಲಿಗೆ ವೆನಿಲಾ ಹಾಕಿರುವುದಿಲ್ಲ, ಕೊಬ್ಬರಿ ಹಾಕಿರುವುದಿಲ್ಲ, ಚಾಕೊಲೇಟೂ ಹಾಕಿರುವುದಿಲ್ಲ. ಆದರೆ ಮೂಸಿ ನೋಡಿದರೆ ಮೂರೂ ಸಿಗುತ್ತವೆ. ಈ ಬಗೆಯ ಬಿಯರಿನ ರುಚಿ ನೋಡುವುದು ಎಂದರೆ ಇದನ್ನು ಬಿಡಿಸುವ ಕೆಲಸವೇ. ಮೂಗಿಗೆ ಬಂದ ಪ್ರತಿಯೊಂದು ವಾಸನೆಯನ್ನೂ ಹಿಡಿದು, ಇದು ಹುರಿದ ಕಾಳಿನಿಂದ ಬಂತೋ, ಮರದಿಂದ ಬಂತೋ, ಆಮೇಲೆ ಸೇರಿಸಿದ್ದೋ, ಇಲ್ಲ ಬಾಟಲಿಯಲ್ಲಿ ಕುಳಿತ ಕಾಲದಿಂದ ಬಂತೋ ಎಂದು ಕೇಳಿಕೊಳ್ಳಬೇಕು. ಈ ನಾಲ್ಕು ಮೂಲಗಳನ್ನು ಬೇರೆಬೇರೆಯಾಗಿ ಗುರುತಿಸಲು ಬಂದರೆ ಒಳ್ಳೆಯ ಸ್ಟೌಟಿಗೂ ಬರೀ ಸಕ್ಕರೆ ಪಾಕಕ್ಕೂ ಇರುವ ಅಂತರ ತಾನಾಗಿ ತಿಳಿಯುತ್ತದೆ.

ಅಮೆರಿಕದಲ್ಲೋ ಯೂರೋಪಿನಲ್ಲೋ ಇರುವ ನಮ್ಮವರು ಕುತೂಹಲಕ್ಕೆ ಇಂಥ ಬಾಟಲಿ ತಂದು, ಫ್ರಿಜ್ಜಿನಿಂದ ತೆಗೆದ ತಕ್ಷಣ ದೊಡ್ಡ ಗ್ಲಾಸಿಗೆ ಬಗ್ಗಿಸಿ, ಎರಡು ಗುಟುಕಿಗೆ ಮುಖ ಕಿವಿಚಿ ಪಕ್ಕಕ್ಕಿಡುವುದನ್ನು ನೋಡಿದ್ದೇನೆ. ಆ ಬಾಟಲಿಗೆ ಅದು ಅನ್ಯಾಯ. ಅದಕ್ಕಾಗಿ ಈ ಬರಹ.

ಬಾಟಲಿಯೊಳಗೆ ಇರುವುದೇನು

ಮದ್ಯಸಾರ ಹೆಚ್ಚಿರುವ ಇಂಥ ಗಟ್ಟಿ ಸ್ಟೌಟನ್ನು ಇಂಪೀರಿಯಲ್ ಸ್ಟೌಟ್ ಎನ್ನುತ್ತಾರೆ. ಅದು ಹುಟ್ಟಿದ್ದು ಲಂಡನ್ನಿನಲ್ಲಿ. 18ನೇ ಶತಮಾನದಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಯ ಸದರ್ಕ್‌ನಲ್ಲಿದ್ದ ಥ್ರೇಲ್ ಕುಟುಂಬದ ಆ್ಯಂಕರ್ ಬ್ರೂವರಿಯ, ಅಂದರೆ ಬಿಯರ್ ಕಾರ್ಖಾನೆಯ, ಪೋರ್ಟರ್ ಎಂಬ ಗಟ್ಟಿ ಕಪ್ಪು ಬಿಯರ್ ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನಳ ಆಸ್ಥಾನಕ್ಕೆ ಹೋಗುತ್ತಿತ್ತು. ‘ಇಂಪೀರಿಯಲ್’ ಎಂಬ ಬಿರುದು ಬಂದದ್ದು ಅಲ್ಲಿಂದ. 1781ರಲ್ಲಿ ಆ ಬ್ರೂವರಿ ಬಾರ್ಕ್ಲೇ ಪರ್ಕಿನ್ಸ್ ಕೈಗೆ ಬಂದ ಮೇಲೂ ಈ ಬಿಯರ್ ನಡೆಯಿತು. ಬಾರ್ಲಿ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಧಾರಾಳವಾಗಿ ಬಳಸುವುದು, ಅದರಲ್ಲಿ ಒಂದು ಪಾಲನ್ನು ಕಪ್ಪಾಗುವವರೆಗೆ ಹುರಿಯುವುದು ಇದರ ಗುಟ್ಟು. ಕಾಫಿ ಬೀಜವನ್ನು ಹುರಿದಾಗ ಆಗುವ ರಾಸಾಯನಿಕ ಬದಲಾವಣೆಗಳೇ ಇಲ್ಲೂ ಆಗುತ್ತವೆ. ಹಾಗಾಗಿ ಒಂದು ಹನಿ ಕಾಫಿ ಬೀಳದ ಸ್ಟೌಟಿನಲ್ಲೂ ಕಾಫಿ ಸಿಗುತ್ತದೆ. ನಮ್ಮ ಫಿಲ್ಟರ್ ಕಾಫಿ ಕುಡಿದು ಬೆಳೆದವರಿಗೆ ಅದರಲ್ಲಿ ಚಿಕೋರಿಯ ಕಡೆಗೆ ವಾಲುವ ಕಹಿಯೂ ಕಾಣುತ್ತದೆ.

ಪೀಪಾಯಿಯ ಕಥೆ ಅಮೆರಿಕದ್ದು. ಬರ್ಬನ್ ವಿಸ್ಕಿಗೆ ಅಲ್ಲಿನ ಕಾನೂನು ಹಾಕಿರುವ ಷರತ್ತುಗಳಲ್ಲಿ ಎರಡು ಇಲ್ಲಿ ಮುಖ್ಯ. ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು, ಮತ್ತು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಹೊಸದು ಎಂದರೆ ಪ್ರತಿ ಸಲವೂ ಹೊಸದು. ಒಮ್ಮೆ ಬಳಸಿದ ಪೀಪಾಯಿಯಲ್ಲಿ ಮತ್ತೆ ಬರ್ಬನ್ ಮಾಡುವಂತಿಲ್ಲ. ಸುಮಾರು 200 ಲೀಟರ್ ಹಿಡಿಯುವ ಈ ಖಾಲಿ ಪೀಪಾಯಿಗಳು ಸ್ಕಾಟ್ಲೆಂಡಿಗೆ, ರಮ್ ಮಾಡುವ ದ್ವೀಪಗಳಿಗೆ ಹೋಗುತ್ತಿದ್ದವು. 1990ರ ದಶಕದಲ್ಲಿ ಗೂಸ್ ಐಲ್ಯಾಂಡಿನ ಗ್ರೆಗ್ ಹಾಲ್ ಅವುಗಳಲ್ಲಿ ಇಂಪೀರಿಯಲ್ ಸ್ಟೌಟ್ ತುಂಬಿಸಿ ಮಾಗಲು ಬಿಟ್ಟ. ಪೀಪಾಯಿಯ ಮರ ಬರ್ಬನ್ನನ್ನು ಹೀರಿಕೊಂಡಿರುತ್ತದೆ, ಅದೂ ಬಿಯರಿಗೆ ಇಳಿಯುತ್ತದೆ. ಬೇಸಿಗೆಯ ಸೆಕೆಗೆ ಬಿಯರ್ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಗೆ ಹಿಂದೆ ಸರಿಯುತ್ತದೆ. ಹೋಗಿಬರುವಾಗಲೆಲ್ಲ ಮರದ ಸಾರವನ್ನು ಎತ್ತಿಕೊಂಡು ಬರುತ್ತದೆ. ಓಕ್ ಮರದ ಲಿಗ್ನಿನ್ ಸುಟ್ಟಾಗ ವೆನಿಲಿನ್ ಹುಟ್ಟುತ್ತದೆ. ವೆನಿಲಾ ಕಾಯಿಯಲ್ಲಿ ಇರುವುದೂ ಅದೇ ಅಣು. ಓಕ್ ಲ್ಯಾಕ್ಟೋನ್ ಎಂಬುದು ಕೊಬ್ಬರಿ ವಾಸನೆ ಕೊಡುತ್ತದೆ, ಯೂಜಿನಾಲ್ ಲವಂಗದ್ದು. ಲವಂಗದ ಎಣ್ಣೆಯಲ್ಲೂ ಇರುವುದು ಯೂಜಿನಾಲೇ. ಬಿಯರ್ ಒಂದು ವರ್ಷದಷ್ಟು ಕಾಲ ಒಳಗಿರುವುದು ಸಾಮಾನ್ಯ, ಕೆಲವೊಮ್ಮೆ ಇನ್ನೂ ಹೆಚ್ಚು.

ಮಿಶಿಗನ್ನಿನ ಗ್ರ್ಯಾಂಡ್ ರ್ಯಾಪಿಡ್ಸ್‌ನ ಫೌಂಡರ್ಸ್ ಬ್ರೂವರಿಯವರು ‘ಕೆಬಿಎಸ್’ ಎಂಬ ತಮ್ಮ ಸ್ಟೌಟಿಗೆ ಕಾಫಿ ಮತ್ತು ಚಾಕೊಲೇಟ್ ಸೇರಿಸುತ್ತಾರೆ. ಊರಿನ ನೆಲದಡಿಯ ಹಳೆಯ ಜಿಪ್ಸಂ ಗಣಿಯ ತಂಪಿನಲ್ಲಿ ಬರ್ಬನ್ ಪೀಪಾಯಿಗಳನ್ನು ಮಲಗಿಸಿ ಮಾಗಿಸಿದ ಬಿಯರ್ ಅದು. ಫ್ಲಾರಿಡಾದ ಟ್ಯಾಂಪಾದಲ್ಲಿ ಸಿಗಾರ್ ಸಿಟಿಯವರ ‘ಹುನಾಪು’ ಸ್ಟೌಟಿಗೆ ಕೋಕೋ, ವೆನಿಲಾ, ಚಕ್ಕೆ, ಜೊತೆಗೆ ಮೆಕ್ಸಿಕೋದ ಒಣಮೆಣಸಿನಕಾಯಿ ಬೀಳುತ್ತದೆ. ಇದೇ ದಾರಿಯಲ್ಲಿ ಮುಂದೆ ಹೋದವರು ಕೇಕು, ಕುಕೀ, ಪೈಗಳ ರುಚಿಯನ್ನೇ ಗ್ಲಾಸಿಗೆ ತರಲು ಹೊರಟರು. ‘ಪೇಸ್ಟ್ರಿ ಸ್ಟೌಟ್’ ಎಂದು ಕರೆಯುವುದು ಇವನ್ನೇ. ಇವುಗಳಲ್ಲಿ ಸಾಮಾನ್ಯವಾಗಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಇರುತ್ತದೆ. ಬಿಯರಿನ ಯೀಸ್ಟ್ ಅದನ್ನು ತಿನ್ನಲಾರದು, ಹಾಗಾಗಿ ಸಿಹಿ ಹಾಗೇ ಉಳಿಯುತ್ತದೆ. ಇದು ಹೊಸ ಉಪಾಯವಲ್ಲ, ಇಂಗ್ಲೆಂಡಿನ ಕೆಂಟ್‌ನ ಮ್ಯಾಕೆಸನ್ ಕಂಪನಿ 20ನೇ ಶತಮಾನದ ಆರಂಭದಲ್ಲೇ ಹಾಲಿನ ಸಕ್ಕರೆ ಹಾಕಿದ ‘ಮಿಲ್ಕ್ ಸ್ಟೌಟ್’ ಮಾರಿತ್ತು.

ಬಾಟಲಿ ಆರಿಸುವಾಗ

ಮೊದಲ ಸಲ ಕೂರುವವರು ಎರಡು ಬಾಟಲಿ ತನ್ನಿ. ಒಂದು, ಪೀಪಾಯಿಯಲ್ಲಿ ಮಾಗಿದ್ದು ಬಿಟ್ಟರೆ ಬೇರೇನೂ ಸೇರಿಸದ ಸ್ಟೌಟ್. ಇನ್ನೊಂದು, ಕಾಫಿ, ಕೋಕೋ, ವೆನಿಲಾ ಇತ್ಯಾದಿ ಸೇರಿಸಿದ್ದು. ಸಾದಾ ಬಾಟಲಿಯ ರುಚಿ ನಾಲಿಗೆಗೆ ಗೊತ್ತಾಗದೆ ಸಿಹಿ ಬಾಟಲಿಯಲ್ಲಿ ಮರ ಕೊಟ್ಟದ್ದೆಷ್ಟು, ಬ್ರೂವರ್ ಹಾಕಿದ್ದೆಷ್ಟು ಎಂದು ಹೇಳಲು ಬರುವುದಿಲ್ಲ. ನಾನು ಯಾರಿಗಾದರೂ ಹೇಳುವುದಾದರೆ ಬರ್ಬನ್ ಕೌಂಟಿಯ ಮೂಲ ಬಾಟಲಿ ಮತ್ತು ಕೆಬಿಎಸ್, ಈ ಜೋಡಿ ಹೇಳುತ್ತೇನೆ. ಎರಡೂ ಅಮೆರಿಕದಲ್ಲಿ ಹುಡುಕಿದರೆ ಸಿಗುವಂಥವು, ಎರಡೂ ಬರ್ಬನ್ ಪೀಪಾಯಿಯವು.

ತುಂಬಿಸಿದ ದಿನಾಂಕ ನೋಡುವುದನ್ನು ಮರೆಯಬೇಡಿ. ಏನೂ ಸೇರಿಸದ ಸ್ಟೌಟ್ ಒಂದೆರಡು ವರ್ಷ ಚೆನ್ನಾಗಿಯೇ ಇರುತ್ತದೆ, ಮದ್ಯದ ಖಾರ ಇಳಿದು ಒಣದ್ರಾಕ್ಷಿ, ಅಂಜೂರದ ಗುಣ ಬರುತ್ತದೆ. ಸೇರಿಸಿದ ಪರಿಮಳಗಳಿಗೆ ಅಷ್ಟು ಆಯಸ್ಸಿಲ್ಲ. ಕಾಫಿ ಮೊದಲು ಹೋಗುತ್ತದೆ. ಕೆಲವು ತಿಂಗಳಲ್ಲೇ ಹುರಿದ ಘಮ ಕಳೆದು, ದೊಣ್ಣೆಮೆಣಸಿನಕಾಯಿ ಹೆಚ್ಚಿದಾಗ ಬರುವಂಥ ಹಸಿ ವಾಸನೆ ಉಳಿಯುತ್ತದೆ. ಕೊಬ್ಬರಿ, ವೆನಿಲಾ ಅದರ ಹಿಂದೆಯೇ ಮಂಕಾಗುತ್ತವೆ. ಆದ್ದರಿಂದ ಸಿಹಿ ಸ್ಟೌಟನ್ನು ಹೊಸದಾಗಿರುವಾಗಲೇ ಕುಡಿಯಿರಿ. ವರ್ಷಗಟ್ಟಲೆ ಕೂಡಿಡುವ ಸಂಗ್ರಹದ ಹುಚ್ಚು ಈ ಬಿಯರಿಗೆ ಸಲ್ಲದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಇಡಲೇಬೇಕೆಂದರೆ ಬಾಟಲಿಯನ್ನು ನಿಲ್ಲಿಸಿ, ಬೆಳಕು ಬೀಳದ ತಂಪಾದ ಜಾಗದಲ್ಲಿಡಿ. ಹಣ್ಣಿನ ತಿರುಳು ಹಾಕಿದ ಕ್ಯಾನುಗಳನ್ನು ಮಾತ್ರ ಫ್ರಿಜ್ಜಿನಲ್ಲೇ ಇಡಬೇಕು. ಒಳಗೆ ಉಳಿದ ಸಕ್ಕರೆ ಮತ್ತೆ ಹುದುಗತೊಡಗಿದರೆ ಕ್ಯಾನು ಉಬ್ಬಿ ಒಡೆಯುತ್ತದೆ.

ಲೇಬಲ್ಲಿನಲ್ಲಿ ನಮ್ಮವರು ಓದಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಹಾಲು ಜೀರ್ಣವಾಗದವರಿಗೆ ಲ್ಯಾಕ್ಟೋಸ್ ತೊಂದರೆ ಕೊಡುತ್ತದೆ. ಶೇಂಗಾ, ಬಾದಾಮಿ, ಪೆಕಾನ್ ಅಲರ್ಜಿ ಇರುವವರು ಹೆಸರು ನೋಡಿ ತೀರ್ಮಾನಿಸದೆ ಸಾಮಗ್ರಿಯ ಪಟ್ಟಿ ಓದಬೇಕು. ಸಸ್ಯಾಹಾರಿಗಳು ‘ಮಾರ್ಷ್‌ಮ್ಯಾಲೋ’ ಎಂಬ ಪದ ಕಂಡರೆ ನಿಂತು ವಿಚಾರಿಸಿ, ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. ಬ್ರೂವರಿಗೆ ಒಂದು ಇಮೇಲ್ ಹಾಕಿ ಕೇಳುವುದರಲ್ಲಿ ಸಂಕೋಚ ಬೇಡ.

ಎಷ್ಟು ಜನ, ಎಷ್ಟು ಅಳತೆ

ಇದು ಒಬ್ಬರು ಕೂತು ಮುಗಿಸುವ ಬಾಟಲಿಯಲ್ಲ. ಲೆಕ್ಕ ನೋಡಿ. ಶೇ. 14ರ 500 ಎಂಎಲ್ ಬಾಟಲಿಯಲ್ಲಿ ಶುದ್ಧ ಮದ್ಯಸಾರ 70 ಎಂಎಲ್. ಶೇ. 5ರ 650 ಎಂಎಲ್ ದೊಡ್ಡ ಬಾಟಲಿ ಬಿಯರಿನಲ್ಲಿ ಇರುವುದು 32.5 ಎಂಎಲ್. ಅಂದರೆ ಈ ಒಂದು ಅರ್ಧ ಲೀಟರು ಆ ಎರಡು ದೊಡ್ಡ ಬಾಟಲಿಗಳಿಗಿಂತ ಹೆಚ್ಚು. ವಿಸ್ಕಿಯ ಲೆಕ್ಕದಲ್ಲಿ 60 ಎಂಎಲ್‌ನ ಪೆಗ್ಗುಗಳು ಎರಡೂವರೆ ದಾಟುತ್ತವೆ. ಸಿಹಿ ಮದ್ಯವನ್ನು ಮರೆಮಾಚುವುದರಿಂದ ಕುಡಿಯುವಾಗ ಇದು ಗೊತ್ತಾಗುವುದಿಲ್ಲ, ಎದ್ದು ನಿಂತಾಗ ಗೊತ್ತಾಗುತ್ತದೆ.

ಆರು ಜನ ಸೇರಿ. ಬರ್ಬನ್ ಕೌಂಟಿಯ ಬಾಟಲಿಯಿಂದ ಒಬ್ಬರಿಗೆ 75 ಎಂಎಲ್, ಶೇ. 12ರ 355 ಎಂಎಲ್ ಕೆಬಿಎಸ್‌ನಿಂದ ಒಬ್ಬರಿಗೆ 60 ಎಂಎಲ್‌ಗೆ ಸ್ವಲ್ಪ ಕಡಿಮೆ. ಎರಡೂ ಸೇರಿ ಒಬ್ಬರ ಹೊಟ್ಟೆಗೆ ಹೋಗುವ ಮದ್ಯಸಾರ 17.6 ಎಂಎಲ್ ಆಗುತ್ತದೆ. ಅಮೆರಿಕದಲ್ಲಿ ‘ಒಂದು ಡ್ರಿಂಕ್’ ಎಂದು ಲೆಕ್ಕ ಹಾಕುವ ಪ್ರಮಾಣವೂ ಸರಿಸುಮಾರು ಅಷ್ಟೇ. ರುಚಿ ನೋಡಲು ಇದು ಧಾರಾಳ. ಬಂದವರು ಊಟ ಮಾಡಿಯೇ ಬರಲಿ, ವಾಪಸು ಹೋಗುವಾಗ ಸ್ಟಿಯರಿಂಗ್ ಹಿಡಿಯುವವರು ಗ್ಲಾಸು ಮುಟ್ಟದಿರಲಿ. ಭಾರತದಲ್ಲಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ದಾಟಿದರೆ ವಾಹನ ಓಡಿಸುವುದು ಅಪರಾಧ. ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುತ್ತಿರುವವರು, ಕುಡಿತ ಬಿಟ್ಟವರು, ಕಾನೂನಿನ ವಯಸ್ಸು ತುಂಬದವರು ಈ ಕೂಟಕ್ಕೆ ಸೇರಿದವರಲ್ಲ. ಅವರನ್ನು ಯಾರೂ ‘ಒಂದೇ ಗುಟುಕು’ ಎಂದು ಒತ್ತಾಯಿಸಬಾರದು.

ಮನೆ, ಮೂಗು, ಗ್ಲಾಸು

ರುಚಿಯ ಬಹುಪಾಲು ಮೂಗಿನದು. ಅದಕ್ಕೇ ಆ ಹೊತ್ತಿಗೆ ಅಡುಗೆಮನೆಯಲ್ಲಿ ಒಗ್ಗರಣೆ ಬೇಡ, ಊದಿನಕಡ್ಡಿ ಬೇಡ, ಮೈಗೆ ಸೆಂಟೂ ಬೇಡ. ಊಟವಾದ ಮೇಲೆ ಸೋಂಪು, ಏಲಕ್ಕಿ, ಎಲೆ-ಅಡಿಕೆ ಹಾಕಿಕೊಳ್ಳುವ ಅಭ್ಯಾಸ ಇದ್ದವರು ಆ ದಿನ ತಡೆದುಕೊಳ್ಳಿ. ಅಡಿಕೆಯ ಒಗರು, ಸೋಂಪಿನ ತಂಪು ಎರಡೂ ನಾಲಿಗೆಯ ಮೇಲೆ ಬಹಳ ಹೊತ್ತು ಕೂರುತ್ತವೆ.

ಗ್ಲಾಸು ಕೆಳಗೆ ಅಗಲ, ಬಾಯಿಯ ಕಡೆಗೆ ಕಿರಿದಾಗಿರಬೇಕು. ಬ್ರಾಂಡಿ ಕುಡಿಯುವ ಗಿಡ್ಡ ಕಾಲಿನ ಗ್ಲಾಸು ಚೆನ್ನಾಗಿ ಒಗ್ಗುತ್ತದೆ. ಇಟಲಿಯ ಬಲಾದಿನ್ ಬ್ರೂವರಿಯ ತೇಯೊ ಮುಸ್ಸೊ ಮತ್ತು ಕುವಾಸ್ಕಾ ಎಂಬ ಹೆಸರಿನಿಂದ ಪ್ರಸಿದ್ಧನಾದ ರುಚಿಗಾರ ಲೊರೆಂಜೊ ದಾಬೊವೆ ಸೇರಿ ರೂಪಿಸಿದ ‘ತೇಕು’ ಗ್ಲಾಸು ಇದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸು ಸಾಕು. ಸೋಪಿನ ಜಿಡ್ಡು ಹೋಗುವಂತೆ ಬಿಸಿನೀರಿನಲ್ಲಿ ತೊಳೆದು ತಾನಾಗಿ ಒಣಗಲು ಬಿಡಿ.

ಇನ್ನು ನನಗೆ ತುಂಬ ಪ್ರಿಯವಾದ ತಯಾರಿ. ಸಣ್ಣ ಬಟ್ಟಲುಗಳಲ್ಲಿ ಇವನ್ನು ಮೇಜಿನ ಮೇಲೆ ಜೋಡಿಸಿ: ಹುರಿದ ಒಣಕೊಬ್ಬರಿ ತುರಿ, ಎರಡು ಲವಂಗ, ಚಕ್ಕೆ ಚೂರು, ಕಪ್ಪು ಬೆಲ್ಲ, ಖರ್ಜೂರ, ಒಣದ್ರಾಕ್ಷಿ, ಚಿಕೋರಿ ಬೆರೆಸಿದ ಕಾಫಿ ಪುಡಿ, ಬೆರೆಸದ ಕಾಫಿ ಪುಡಿ, ಸಿಕ್ಕರೆ ಕೋಕೋ ಬೀಜದ ಚೂರು. ಬಿಯರ್ ಸುರಿಯುವ ಮೊದಲು ಎಲ್ಲರೂ ಒಂದೊಂದನ್ನೂ ಮೂಸಲಿ. ಆಮೇಲೆ ಗ್ಲಾಸಿನಲ್ಲಿ ಏನೋ ಪರಿಚಯದ ವಾಸನೆ ಎನಿಸಿ ಹೆಸರು ನೆನಪಾಗದಿದ್ದಾಗ ಬಟ್ಟಲಿಗೆ ಹಿಂತಿರುಗಿ ಹೋಲಿಸಬಹುದು. ವೃತ್ತಿಯಲ್ಲಿ ಇರುವವರೂ ಮೂಗನ್ನು ಪಳಗಿಸುವುದು ಹೀಗೆಯೇ. ಅಡಿಕೆ ತೋಟದ ನಡುವೆ ಕೋಕೋ ಬೆಳೆಯುವ ಪುತ್ತೂರು, ಸುಳ್ಯದ ಕಡೆಯವರಿಗೆ ಇಲ್ಲೊಂದು ಅನುಕೂಲ ಇದೆ. ಹುಳಿಬಂದು ಒಣಗುತ್ತಿರುವ ಕೋಕೋ ಬೀಜದ ವಾಸನೆ ಅವರಿಗೆ ಗೊತ್ತು. ಸ್ಟೌಟಿಗೆ ಹಾಕುವುದು ಹುರಿದ ಕೋಕೋ ಚೂರನ್ನು, ಅದರ ವಾಸನೆಯಲ್ಲಿ ಕಹಿಯ ಹಿಂದೆ ತುಸು ಹುಳಿಯೂ ಇರುತ್ತದೆ, ಅಂಗಡಿಯ ಹಾಲು ಚಾಕೊಲೇಟಿನಲ್ಲಿ ಅದು ಸಿಗದು. ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದಂದಿನಿಂದ ಆ ಸೀಮೆಯ ಜನಕ್ಕೆ ಬೀಜದಿಂದ ಬಾರ್ ತನಕದ ಎಲ್ಲ ವಾಸನೆಯೂ ಪರಿಚಿತ.

ಬಾಟಲಿಯನ್ನು ಕುಡಿಯುವ ಅರ್ಧ ಗಂಟೆ ಮೊದಲು ಫ್ರಿಜ್ಜಿನಿಂದ ಹೊರಗಿಡಿ. ಗ್ಲಾಸಿಗೆ ಬೀಳುವಾಗ 10 ಡಿಗ್ರಿ ಸೆಲ್ಸಿಯಸ್ ಸುಮಾರು ಇದ್ದರೆ ಸರಿ, ಮುಗಿಯುವ ಹೊತ್ತಿಗೆ 15 ಆಗಿರುತ್ತದೆ. ಇನ್ನೂ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ, ಸುಟ್ಟ ಕಹಿಯೊಂದೇ ಮುಂದೆ ಬರುತ್ತದೆ. ಬೆಂಗಳೂರಿನ ಏಪ್ರಿಲ್ ಕೋಣೆಯಷ್ಟು ಬೆಚ್ಚಗಾದರೆ ಮದ್ಯದ ಘಾಟು ಮಿಕ್ಕಿದ್ದನ್ನೆಲ್ಲ ಮುಚ್ಚುತ್ತದೆ.

ಸುರಿದು, ಮೂಸಿ

ಕೆಲವು ಬಾಟಲಿಗಳ ಮುಚ್ಚಳಕ್ಕೆ ಮೇಣ ಹಚ್ಚಿರುತ್ತಾರೆ. ಅದನ್ನು ಕೆರೆಯುತ್ತ ಕೂರಬೇಡಿ. ಮೇಣದ ಮೇಲಿಂದಲೇ ಓಪನರ್ ಒತ್ತಿ ಎತ್ತಿದರೆ ಸಾಮಾನ್ಯವಾಗಿ ಬಿರುಕು ಬಿಟ್ಟು ಬರುತ್ತದೆ. ಬಾಟಲಿಯ ಕಂಠವನ್ನು ಒದ್ದೆ ಬಟ್ಟೆಯಿಂದ ಒರೆಸಿ ಸುರಿಯಿರಿ. ತಳದಲ್ಲಿ ಗಸಿ ಇದ್ದರೆ ಕೊನೆಯ ಗುಟುಕನ್ನು ಬಾಟಲಿಯಲ್ಲೇ ಬಿಡಿ.

ನೊರೆ ಕಂದು ಬಣ್ಣದ್ದು, ಸ್ವಲ್ಪವೇ ಬಂದು ಬೇಗ ಇಳಿಯುತ್ತದೆ. ಇದನ್ನು ದೋಷ ಎಂದು ಎಣಿಸಬೇಡಿ. ಮದ್ಯಸಾರ ಹೆಚ್ಚಿದ್ದಲ್ಲಿ ನೊರೆ ನಿಲ್ಲುವುದು ಕಷ್ಟ, ಕೊಬ್ಬರಿ, ಕೋಕೋ, ಶೇಂಗಾದ ಜಿಡ್ಡು ಸೇರಿದ್ದರೆ ಇನ್ನೂ ಕಷ್ಟ. ಗ್ಲಾಸನ್ನು ಓರೆ ಮಾಡಿ ನೇರ ಮಾಡಿದಾಗ ಬಿಯರ್ ಗೋಡೆಗೆ ಅಂಟಿ ನಿಧಾನ ಜಾರುತ್ತದೆ. ಬಣ್ಣದ ಬಗ್ಗೆ ಹೇಳುವುದೇನೂ ಇಲ್ಲ, ಎಲ್ಲವೂ ಕಪ್ಪು.

ಮೂಗನ್ನು ಗ್ಲಾಸಿನೊಳಗೆ ತೂರಿಸಿ ದೀರ್ಘವಾಗಿ ಎಳೆದುಕೊಂಡರೆ ಮದ್ಯದ ಹಬೆಗೆ ಮೂಗು ಮರಗಟ್ಟುತ್ತದೆ. ಗ್ಲಾಸನ್ನು ಮೂಗಿನಿಂದ ಮೂರು ಬೆರಳು ದೂರ ಹಿಡಿದು, ಬಾಯಿ ತುಸು ತೆರೆದು, ಚಿಕ್ಕಚಿಕ್ಕದಾಗಿ ಎರಡು ಮೂರು ಸಲ ಮೂಸಿ. ಮುಖ ಆಚೆ ತಿರುಗಿಸಿ ಒಮ್ಮೆ ಉಸಿರಾಡಿ, ಮತ್ತೆ ಬನ್ನಿ. ಮೊದಲ ಸುತ್ತಿನಲ್ಲಿ ಬರುವುದು ಪೀಪಾಯಿ: ವೆನಿಲಾ, ಕೊಬ್ಬರಿ, ಸುಟ್ಟ ಸಕ್ಕರೆ, ವಿಸ್ಕಿ. ಎರಡನೇ ಸುತ್ತಿನಲ್ಲಿ ಅದರ ಕೆಳಗಿನ ಕಾಳು ಸಿಗುತ್ತದೆ: ಕಾಫಿ, ಚಿಕೋರಿ, ಸೀದ ರೊಟ್ಟಿಯ ಅಂಚು, ಕಾಕಂಬಿ. ಸಾದಾ ಸ್ಟೌಟಿನಲ್ಲಿ ಇವೆರಡನ್ನು ಗುರುತು ಹಚ್ಚಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾರೂ ಇನ್ನೊಬ್ಬರಿಗೆ ಹೇಳಬಾರದು. ಒಬ್ಬರು ‘ಚೆರ್ರಿ’ ಎಂದರೆ ಸಾಕು, ಮಿಕ್ಕವರ ಮೂಗಿಗೂ ಚೆರ್ರಿಯೇ ಬರತೊಡಗುತ್ತದೆ. ಎಲ್ಲರೂ ಬರೆದ ಮೇಲೆ ಓದಿ ಹೇಳುವುದು ಈ ಕೂಟದ ನಿಜವಾದ ಸಂತೋಷ.

ಸಿಹಿ ಸ್ಟೌಟನ್ನು ಸುರಿಯುವಾಗ ಸಾಧ್ಯವಾದರೆ ಬಾಟಲಿಗೆ ಬಟ್ಟೆ ಸುತ್ತಿ, ಲೇಬಲ್ ಕಾಣದಿರಲಿ. ‘ಚಾಕೊಲೇಟ್ ಕೇಕ್’ ಎಂದು ಓದಿದ ಕಣ್ಣು ಮೂಗನ್ನು ದಾರಿ ತಪ್ಪಿಸುತ್ತದೆ.

ಬಾಯಿಗೆ

ಮೊದಲ ಗುಟುಕು ನಾಲಿಗೆ ಒದ್ದೆಯಾಗುವಷ್ಟೇ ಇರಲಿ, ಅದರಿಂದ ಏನನ್ನೂ ತೀರ್ಮಾನಿಸಬೇಡಿ. ಬಾಯಿ ಆ ಮದ್ಯಕ್ಕೆ, ಆ ಸಿಹಿಗೆ ಹೊಂದಿಕೊಳ್ಳಲು ಒಂದು ಗುಟುಕು ಬೇಕು. ಎರಡನೆಯದು ಚಮಚೆಯಷ್ಟು. ಅದನ್ನು ನಾಲಿಗೆಯ ಎಲ್ಲ ಕಡೆ ಹೊರಳಿಸಿ, ಒಂದೈದು ಎಣಿಸುವಷ್ಟು ಹೊತ್ತು ಹಿಡಿದು ನುಂಗಿ. ನುಂಗಿದ ಕೂಡಲೇ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಗಂಟಲ ಹಿಂದಿನಿಂದ ಮೂಗಿಗೆ ಏರುವ ಈ ಉಸಿರಿನಲ್ಲಿ ಬರುವ ಪರಿಮಳ ಗ್ಲಾಸು ಮೂಸಿದಾಗ ಬಂದದ್ದಕ್ಕಿಂತ ಬೇರೆಯೇ ಇರಬಹುದು. ಸಾಮಾನ್ಯವಾಗಿ ಓಕ್ ಮರದ ಲವಂಗ, ಹೊಗೆಯ ಗುಣ ಸಿಗುವುದು ಇಲ್ಲಿಯೇ.

ಈಗ ಬಿಯರಿನ ಮೈಯನ್ನು ಗಮನಿಸಿ. ಒಳ್ಳೆಯ ಸ್ಟೌಟ್ ಬಾಯಲ್ಲಿ ಜೋನಿ ಬೆಲ್ಲವನ್ನು ಸ್ವಲ್ಪ ಬಿಸಿನೀರಿಗೆ ಕದಡಿದ ಹಾಗೆ ಇರುತ್ತದೆ: ಮಂದ, ಆದರೆ ಹರಿಯುತ್ತದೆ. ಅಂಟಂಟಾಗಿ ಹಲ್ಲಿಗೆ ಹಿಡಿಯಬಾರದು.

ಸಿಹಿ ಮೊದಲು ಬರುತ್ತದೆ. ಅದರ ಹಿಂದೆ ಕಹಿ ಬಂತೇ ನೋಡಿ. ಇಡೀ ಪರೀಕ್ಷೆಯಲ್ಲಿ ನಾನು ತುಂಬ ಬೆಲೆ ಕೊಡುವ ಗಳಿಗೆ ಇದು. ಇಂಪೀರಿಯಲ್ ಸ್ಟೌಟಿನಲ್ಲಿ ಹುರಿದ ಕಾಳಿನ ಕಹಿ, ಹಾಪ್ಸ್ ಹೂವಿನ ಕಹಿ ಎರಡೂ ಇರಬೇಕು. ಸಿಹಿಯನ್ನು ಎತ್ತಿ ಗಂಟಲ ಆಚೆ ಸಾಗಿಸುವುದು ಆ ಕಹಿ. ಅದರ ನಂತರ ಓಕಿನ ಒಗರು ನಾಲಿಗೆಯ ಅಂಚನ್ನು ತುಸು ಒಣಗಿಸುತ್ತದೆ, ಎದೆಗೆ ಮದ್ಯದ ಬೆಚ್ಚಗೆ ಇಳಿಯುತ್ತದೆ. ಬೆಚ್ಚಗೆ ಒಳ್ಳೆಯದು, ಉರಿ ಒಳ್ಳೆಯದಲ್ಲ. ಸಿಹಿ, ಕಹಿ, ಒಗರು, ಬೆಚ್ಚಗೆ ಈ ಕ್ರಮದಲ್ಲಿ ಬಂದು ಹೋಗಿ, ಬಾಯಿ ಇನ್ನೊಂದು ಗುಟುಕನ್ನು ತಾನೇ ಕೇಳಿದರೆ ಆ ಬಿಯರ್ ಗೆದ್ದಿತು. ಸಿಹಿಯೊಂದೇ ಉಳಿದು ನೀರಿಗೆ ಕೈ ಹೋದರೆ ಲೇಬಲ್ಲಿನ ಮೇಲೆ ಎಷ್ಟು ದೊಡ್ಡ ಹೆಸರಿದ್ದರೂ ಅದು ಸ್ಟೌಟಾಗಿ ಸೋತಿದೆ. ಪೇಸ್ಟ್ರಿ ಸ್ಟೌಟುಗಳಲ್ಲಿ ಎಷ್ಟೋ ಸೋಲುವುದು ಇಲ್ಲೇ. ಕೇಕಿನ ರುಚಿ ಬೇಕಿದ್ದವರಿಗೆ ಕೇಕೇ ಇದೆಯಲ್ಲ. ಬಿಯರಿನೊಳಗೆ ಕೇಕಿನ ನೆನಪು ಬರಬೇಕಾದರೆ ಬಿಯರ್ ಮೊದಲು ಬಿಯರಾಗಿ ನಿಲ್ಲಬೇಕು.

ಸೇರಿಸಿದ ಪದಾರ್ಥ ನಿಜವಾದದ್ದೇ ಎಂದು ತಿಳಿಯಲು ಅದರ ಉಳಿಕೆ ನೋಡಿ. ನಿಜವಾದ ವೆನಿಲಾ ಕಾಯಿಯಲ್ಲಿ ಮರದ, ಹೂವಿನ, ಸ್ವಲ್ಪ ಹೊಗೆಯ ಎಳೆಗಳಿರುತ್ತವೆ, ಅವು ಒಂದಾದ ಮೇಲೊಂದು ಬರುತ್ತವೆ. ಎಸೆನ್ಸ್ ಆದರೆ ಒಂದೇ ಏಟಿಗೆ ಬಂದು, ಕೊನೆಯವರೆಗೂ ಒಂದೇ ಎತ್ತರದಲ್ಲಿ ಇರುತ್ತದೆ. ಮೇಪಲ್ ವಿಷಯ ಬೇರೆ. ಮೇಪಲ್ ಪಾಕದ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದುಬಿಡುವುದರಿಂದ ಹುದುಗುವ ಮೊದಲೇ ಹಾಕಿದರೆ ಏನೂ ಉಳಿಯುವುದಿಲ್ಲ. ಅದಕ್ಕೇ ಕೆಲವು ಬ್ರೂವರಿಗಳು ಬರ್ಬನ್ ಆದ ಮೇಲೆ ಮೇಪಲ್ ಪಾಕ ತುಂಬಿಟ್ಟಿದ್ದ ಪೀಪಾಯಿಗಳನ್ನು ಹುಡುಕಿ ತರುತ್ತವೆ. ಫೌಂಡರ್ಸ್‌ನ ‘ಸಿಬಿಎಸ್’ ಮಾಗಿದ್ದು ಅಂಥವುಗಳಲ್ಲಿ. ಅಲ್ಲಿ ಮೇಪಲ್ ಸಿಹಿಯಾಗಿ ಬರುವುದಕ್ಕಿಂತ ಹೆಚ್ಚಾಗಿ ಮರದೊಡನೆ ಬೆರೆತ ವಾಸನೆಯಾಗಿ ಬರುತ್ತದೆ.

ಎರಡು ಗ್ಲಾಸುಗಳ ನಡುವೆ ನೀರು ಕುಡಿದು, ಉಪ್ಪಿಲ್ಲದ ಬಿಸ್ಕತ್ತೋ ಬಿಳಿ ಬ್ರೆಡ್ಡೋ ತಿನ್ನಿ. ಕ್ರಮ ಯಾವಾಗಲೂ ಸಾದಾದಿಂದ ಕಾಫಿಗೆ, ಕಾಫಿಯಿಂದ ಸಿಹಿಗೆ. ಮೆಣಸಿನಕಾಯಿ ಹಾಕಿದ ಬಾಟಲಿ ಇದ್ದರೆ ಅದು ಎಲ್ಲಕ್ಕಿಂತ ಕೊನೆಗೆ.

ಗ್ಲಾಸನ್ನು ಬಿಟ್ಟು ಮಾತಾಡಿ

ಅರ್ಧದಷ್ಟು ಕುಡಿದಾದ ಮೇಲೆ ಗ್ಲಾಸನ್ನು ಇಪ್ಪತ್ತು ನಿಮಿಷ ಹಾಗೇ ಬಿಡಿ. ಬೆಚ್ಚಗಾದಂತೆ ಬಿಯರ್ ಬದಲಾಗುತ್ತದೆ. ಗಾಳಿಗೆ ಮದ್ಯದ ಘಾಟು ಇಳಿದು ಖರ್ಜೂರ, ಅಂಜೂರ, ಹೊಗೆಸೊಪ್ಪು, ಚರ್ಮದಂಥ ವಾಸನೆಗಳು ಮೇಲೆ ಬರುತ್ತವೆ. ಸಾದಾ ಸ್ಟೌಟ್ ಈ ಹೊತ್ತಿನಲ್ಲಿ ಸಾಮಾನ್ಯವಾಗಿ ಚೆಲುವಾಗುತ್ತದೆ. ಸಿಹಿಯದು ಎರಡು ದಾರಿ ಹಿಡಿಯುತ್ತದೆ. ಗಟ್ಟಿ ತಳಪಾಯ ಇದ್ದರೆ ಸೇರಿಸಿದ ಪರಿಮಳಗಳು ಮರದೊಂದಿಗೆ ಕೂಡಿ ಒಂದಾಗುತ್ತವೆ. ಇಲ್ಲದಿದ್ದರೆ ಗ್ಯಾಸು ಹೋದಂತೆ ಸಿಹಿ ಇನ್ನೂ ಭಾರವಾಗಿ, ಪರಿಮಳ ಒಂದು ಕಡೆ, ಬಿಯರ್ ಇನ್ನೊಂದು ಕಡೆ ಆಗುತ್ತವೆ. ಈಗ ಲೇಬಲ್ ತೆರೆದು ನಿಮ್ಮ ಚೀಟಿಯೊಂದಿಗೆ ಹೋಲಿಸಿ. ನಿಮಗೆ ಸಿಕ್ಕ ಕೊಬ್ಬರಿ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಓಕ್ ಕೊಟ್ಟದ್ದು. ಪಟ್ಟಿಯಲ್ಲಿದ್ದ ಕಾಫಿ ನಿಮಗೆ ಸಿಗದಿದ್ದರೆ ಬಾಟಲಿಯ ದಿನಾಂಕ ನೋಡಿ.

ಕೆಟ್ಟಿದೆ ಎಂದು ತಿಳಿಯುವುದು ಹೇಗೆ

ಹುರಿದ ಕಾಳಿನಲ್ಲಿ ತುಸು ಹುಳಿ ಇರುತ್ತದೆ, ಅದು ಸಹಜ. ಮೊಸರಿನ, ವಿನೆಗರಿನ ಹುಳಿ ಎದ್ದು ಬಂದರೆ ಸೋಂಕಾಗಿದೆ. ಮರದ ರಂಧ್ರಗಳಲ್ಲಿ ಸೂಕ್ಷ್ಮಜೀವಿಗಳು ಅಡಗುವುದರಿಂದ ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2015ರ ಬರ್ಬನ್ ಕೌಂಟಿಯ ಕೆಲವು ಬಾಟಲಿಗಳು ಲ್ಯಾಕ್ಟೋಬ್ಯಾಸಿಲಸ್ ಅಸಿಟೋಟಾಲರನ್ಸ್ ಎಂಬ ಬ್ಯಾಕ್ಟೀರಿಯಾದಿಂದ ಹುಳಿಬಂದು, ಕಂಪನಿ ಗ್ರಾಹಕರಿಗೆ ಹಣ ಮರಳಿಸಿತು, ಮರುವರ್ಷದಿಂದ ಬಿಯರನ್ನು ಬಿಸಿಮಾಡಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪಾಶ್ಚರೀಕರಣಕ್ಕೆ ಹೋಯಿತು. ಬಾಟಲಿ ತೆರೆದಾಗ ನೊರೆ ಚಿಮ್ಮಿದರೂ ಅನುಮಾನಿಸಿ.

ಒದ್ದೆ ರಟ್ಟಿನ ವಾಸನೆ ಆಮ್ಲಜನಕ ಹೊಕ್ಕಿರುವುದರ ಗುರುತು. ಅದೇ ಆಮ್ಲಜನಕ ಬಹಳ ಸ್ವಲ್ಪವಾದರೆ ಶೆರ್ರಿ ವೈನಿನ, ಒಣಹಣ್ಣಿನ ಗುಣ ಕೊಡುತ್ತದೆ, ಅದು ಇಷ್ಟವಾಗುತ್ತದೆ. ಸೋಯಾ ಸಾಸಿನ ಉಪ್ಪುಪ್ಪು ವಾಸನೆ ಬಂದರೆ ಬಾಟಲಿ ಹಳತಾಗಿದೆ. ಉಗುರು ಬಣ್ಣ ತೆಗೆಯುವ ದ್ರವದ ಘಾಟು, ಗಂಟಲಲ್ಲಿ ಉರಿ, ಇವು ಯೀಸ್ಟ್ ಬಿಸಿಯಲ್ಲಿ ನರಳಿ ಹುದುಗಿದ್ದರ ಫಲ. ಅದು ಕಾಲದಿಂದ ವಾಸಿಯಾಗುವುದಿಲ್ಲ. ಹಸಿ ಮರದ ಪುಡಿ ನೆಕ್ಕಿದಂತಿದ್ದರೆ ಮರದ ಪಾಲು ಅತಿಯಾಗಿದೆ.

ಜೊತೆಗೇನು ತಿನ್ನಬಹುದು

ರುಚಿ ನೋಡುವ ತನಕ ಏನೂ ಬೇಡ. ಆಮೇಲೆ ಉಳಿದದ್ದಕ್ಕೆ ಉಪ್ಪು ಹಚ್ಚಿ ಹುರಿದ ಗೋಡಂಬಿ, ಮಾಗಿದ ಗೌಡಾ ಚೀಸ್, ಸ್ಟಿಲ್ಟನ್‌ನಂಥ ನೀಲಿ ಚೀಸ್ ಒಪ್ಪುತ್ತವೆ. ಉಪ್ಪು ಸಿಹಿಯನ್ನು ಹಿಡಿತದಲ್ಲಿಟ್ಟು ಕಾಳಿನ ರುಚಿಯನ್ನು ಮುಂದೆ ತರುತ್ತದೆ. ಮೈಸೂರು ಪಾಕ್, ಜಿಲೇಬಿ ಇಡಬೇಡಿ. ಬಿಯರಿಗಿಂತ ಸಿಹಿಯಾದದ್ದನ್ನು ತಿಂದರೆ ಬಿಯರ್ ತೆಳ್ಳಗೆ, ಬರೀ ಕಹಿಯಾಗಿ ಕಾಣುತ್ತದೆ. ಸಿಹಿಯೇ ಬೇಕೆಂದರೆ ಸಾದಾ ವೆನಿಲಾ ಐಸ್‌ಕ್ರೀಮ್, ಅಥವಾ ಸಕ್ಕರೆ ಕಡಿಮೆ ಇರುವ ಕಪ್ಪು ಚಾಕೊಲೇಟ್ ತುಣುಕು. ಖಾರದ ಕೋಡುಬಳೆ, ಮಿರ್ಚಿ ಬಜ್ಜಿ ಕೂಡ ದೂರ ಇರಲಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಲ್ಲಿ ಎಬ್ಬಿಸುವ ಉರಿಯ ನರಗಳನ್ನೇ ಮದ್ಯವೂ ಕೆರಳಿಸುತ್ತದೆ, ಶೇ. 14ರ ಬಿಯರ್ ಆ ಹೊತ್ತಿನಲ್ಲಿ ಸ್ಪಿರಿಟ್ಟಿನಂತೆ ಸುಡುತ್ತದೆ. ಖಾರವಿಲ್ಲದ ಬೆಣ್ಣೆ ಚಕ್ಕುಲಿ ಮಾತ್ರ ಬಹಳ ಚೆನ್ನಾಗಿ ಹೊಂದುತ್ತದೆ. ಅಕ್ಕಿ, ಎಳ್ಳು, ಬೆಣ್ಣೆಯ ಹುರಿದ ರುಚಿ ಸ್ಟೌಟಿನ ಕಾಳಿಗೆ ಸಲೀಸಾಗಿ ಸೇರುತ್ತದೆ.

ಊರಿಗೆ ತರುವವರಿಗೆ

ಭಾರತದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡ ಬಿಯರಿನ ಮದ್ಯಸಾರಕ್ಕೆ ಶೇ. 8ರ ಮಿತಿ ಹಾಕಿದೆ. ಹಾಗಾಗಿ ಶೇ. 12, 14ರ ಸ್ಟೌಟ್ ಬೆಂಗಳೂರಿನ ಬ್ರೂಪಬ್ಬುಗಳಲ್ಲಿ ಸಿಗುವುದಿಲ್ಲ. ಅಲ್ಲಿ ಸ್ಟೌಟ್ ಇದ್ದರೆ ಕುಡಿದು ನೋಡಿ, ಹುರಿದ ಕಾಳಿನ ರುಚಿಯ ಪಾಠಕ್ಕೆ ಅದು ಸಾಕು. ಮರದ ಪಾಠಕ್ಕೆ ಹೊರಗಿನಿಂದ ಬಂದ ಬಾಟಲಿಯೇ ಬೇಕು. ವಿದೇಶದಿಂದ ಬರುವ ವಯಸ್ಕ ಪ್ರಯಾಣಿಕರು ಸುಂಕವಿಲ್ಲದೆ ಎರಡು ಲೀಟರ್ ಮದ್ಯ ತರಬಹುದು, ಅರ್ಧ ಲೀಟರಿನ ನಾಲ್ಕು ಬಾಟಲಿಗಳು ಅದರಲ್ಲಿ ಹಿಡಿಯುತ್ತವೆ. ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಸೂಟ್‌ಕೇಸಿನಲ್ಲೇ ಇಡಬೇಕು. ಪ್ರತಿ ಬಾಟಲಿಗೂ ಒಂದು ಜಿಪ್ ಚೀಲ, ಅದರ ಮೇಲೆ ದಪ್ಪ ಬಟ್ಟೆ ಸುತ್ತಿ, ಸೂಟ್‌ಕೇಸಿನ ನಟ್ಟನಡುವೆ ಇರಿಸಿ. ಹಣ್ಣಿನ ಕ್ಯಾನುಗಳನ್ನು ತರುವ ಸಾಹಸ ಬೇಡ. ಮನೆಗೆ ಬಂದ ದಿನವೇ ತೆರೆಯದೆ ಬಾಟಲಿಯನ್ನು ಫ್ರಿಜ್ಜಿನಲ್ಲಿ ಒಂದು ವಾರ ನೇರವಾಗಿ ನಿಲ್ಲಿಸಿ, ಗಸಿ ತಳಕ್ಕಿಳಿಯಲಿ. ಕಾಫಿ ಹಾಕಿದ್ದಿದ್ದರೆ ಅದನ್ನು ಮೊದಲು ತೆರೆಯಿರಿ, ಸಾದಾ ಸ್ಟೌಟ್ ಮುಂದಿನ ಚಳಿಗಾಲದ ತನಕ ಕಾಯುತ್ತದೆ.